ಹೆಸರಿಲ್ಲದ ಆಲ್ಬಂ

"ಈ ಹಾಡು ಯಾರದು?"

ರೆಂಗಾನಿಸ್ ಕೇಳಿದ ರೀತಿಗೆ ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಬಾಂಡುಂಗ್‌ನ ಆ ರೆಕಾರ್ಡ್ ಅಂಗಡಿಗೆ ಅವಳು ಪ್ರತಿ ಶನಿವಾರ ಬರುತ್ತಿದ್ದಳು. ಪತ್ರಿಕೆಯೊಂದಕ್ಕೆ ಹೊಸ ಆಲ್ಬಂಗಳ ಬಗ್ಗೆ ಬರೆಯುವುದು ಅವಳ ಕೆಲಸ. ಅವತ್ತೂ ಒಂದು ರಾಕ್, ಒಂದು ಜಾಝ್, ಎರಡು ದಂಗ್‌ದುತ್ ಆಲ್ಬಂ ಕೇಳಿ ಮುಗಿಸಿದ್ದಳು. ಆಮೇಲೆ ಶುರುವಾಯಿತು ಸುಂಡಾ ಭಾಷೆಯ ಈ ಹಳೆಯ ಹಾಡು...

ಮೈ ಜುಮ್ಮೆಂದಿತು. ಅದು ಅಮ್ಮನ ದನಿ.

"ನಲವತ್ತು ವರ್ಷದ ಹಿಂದಿನದು. ನಾನೇ ಮತ್ತೆ ಬಿಡುಗಡೆ ಮಾಡಿದ್ದು," ಎಂದ ಕೌಂಟರಿನ ಬಳಿ ನಿಂತಿದ್ದ ಗಿಲಾಂಗ್. ಮರೆತುಹೋದ ಹಾಡುಗಳನ್ನು ಹುಡುಕಿ ಹೊರತರುವ ಚಿಕ್ಕ ಕಂಪನಿ ಅವನದು.

"ಕವರ್ ಮೇಲೆ ಹಾಡಿದವರ ಹೆಸರೇ ಇಲ್ವಲ್ಲ?"

"ಅದು... ಹೇಳೋಕಾಗಲ್ಲ."

"ಯಾಕೆ, ಕದ್ದಿದ್ದಾ?"

ಅವನು ಅವಳ ಮುಖವನ್ನೇ ದಿಟ್ಟಿಸಿದ, ಏನೋ ಗುರುತು ಸಿಕ್ಕವನಂತೆ. "ತಪ್ಪು ತಿಳ್ಕೋಬೇಡಿ," ಎಂದಷ್ಟೇ ಹೇಳಿದ.

ಆ ಕಣ್ಣುಗಳಲ್ಲಿ ಕಳ್ಳತನ ಕಾಣಲಿಲ್ಲ. ಅದೇ ಅವಳನ್ನು ಗೊಂದಲಕ್ಕೆ ಕೆಡವಿದ್ದು.

ಮನೆಗೆ ಬಂದವಳೇ ಅಮ್ಮ ಎವಿಸ್‌ಳನ್ನು ಕೇಳಿದಳು. "ಅಮ್ಮಾ, ನೀನು ರೆಕಾರ್ಡಿಗೆ ಹಾಡಿದ್ದೆಯಾ?"

ಟೆಂಪೆ ಕರಿಯುತ್ತಿದ್ದ ಅಮ್ಮನ ಕೈ ಒಂದು ಗಳಿಗೆ ನಿಂತಿತು. "ನಾನಾ? ಮದುವೆ ಮನೇಲಿ ಹಾಡ್ತಿದ್ದೋಳನ್ನ ಯಾರು ಕರೀತಾರೆ? ಊಟಕ್ಕೆ ಕೂತ್ಕೋ."

ನನ್ನ ಕಿವಿಯೇ ಮೋಸ ಮಾಡ್ತಿದೆಯಾ?

ನಿಜ ಬಾಯಿಬಿಡಿಸಲೆಂದು ಗಿಲಾಂಗ್‌ನನ್ನು ಮತ್ತೆ ಮತ್ತೆ ಭೇಟಿಯಾದಳು. ಅವನು ಬೀದಿಬದಿಯಲ್ಲಿ ಕರಿದ ಬತಗೋರ್ ತಿಂಡಿ ಕೊಡಿಸಿದ. ಹೊಸ ಜಾಝ್ ಆಲ್ಬಂ ಕೇಳುತ್ತಾ, "ಇದು ನಿದ್ದೆ ಮಾತ್ರೆ," ಎಂದ. ಅವಳು ಜಗಳಕ್ಕೆ ನಿಂತಳು, ನಕ್ಕಳು, ಕೇಳಬೇಕಾದ್ದನ್ನೇ ಮರೆತು ಮನೆಗೆ ಬಂದಳು.

ಕಳ್ಳನ ಜೊತೆ ಕೂತು ನಗ್ತಾ ಇದೀನಲ್ಲ... ನಂಗೇನಾಗಿದೆ?

ತನ್ನ ಮೇಲಿನ ಸಿಟ್ಟನ್ನು ಅವಳು ಅವನ ಮೇಲೆ ತೀರಿಸಿಕೊಂಡಳು. ಒಬ್ಬ ಹೆಣ್ಣಿನ ದನಿಯನ್ನು ಹೆಸರಿಲ್ಲದೆ ಮಾರುತ್ತಿದ್ದಾನೆ ಎಂದು ಅಂಕಣದಲ್ಲಿ ಬರೆದೇಬಿಟ್ಟಳು. ಅಂಗಡಿಗಳು ಆಲ್ಬಂ ವಾಪಸ್ ಕಳಿಸಿದವು. ಅವನು ಬೈಯಲು ಫೋನ್ ಮಾಡುತ್ತಾನೆಂದು ಕಾದಳು. ಮಾಡಲಿಲ್ಲ. ಆ ಮೌನ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಪತ್ರಿಕೆ ಹಿಡಿದು ಬಂದದ್ದು ಅಮ್ಮ.

"ಹೀಗೆ ಬರೀಬಾರದಿತ್ತು ಮಗಳೇ. ಆ ಹುಡುಗ ಮೂರು ಸಲ ನನ್ನ ಹೊಲಿಗೆ ಅಂಗಡಿಗೆ ಬಂದು ಒಪ್ಪಿಗೆ ತಗೊಂಡ. ಹೆಸರು ಬೇಡ, ನನ್ನ ಮಗಳಿಗೆ ಗೊತ್ತಾಗೋದು ಬೇಡ ಅಂತ ಮಾತು ತಗೊಂಡಿದ್ದು ನಾನು."

"ಯಾಕಮ್ಮಾ?"

"ನಿಂಗೆ ಆಗ ಹದಿನಾಲ್ಕು. ಮದುವೇಲೆಲ್ಲ ಹಾಡಬೇಡ, ನನ್ನ ಫ್ರೆಂಡ್ಸ್ ನಗ್ತಾರೆ ಅಂತ ನೀನೇ ಅಂದಿದ್ದೆ. ಮತ್ತೆ ನಿಂಗೆ ನಾಚಿಕೆ ಆಗೋದು ಬೇಡ ಅಂತ..."

ರೆಂಗಾನಿಸ್‌ಗೆ ಆ ಮಾತು ನೆನಪೇ ಇರಲಿಲ್ಲ. ಅಮ್ಮ ಮಾತ್ರ ಅಂದಿನಿಂದ ಅಡುಗೆಮನೆಯಲ್ಲೂ ಹಾಡಿರಲಿಲ್ಲ. ಅವಳು ಅಮ್ಮನ ಮಡಿಲಲ್ಲಿ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.

ಮರುದಿನ ಬೆಳಿಗ್ಗೆ ತಪ್ಪೊಪ್ಪಿಗೆಯ ಬರಹ ಹಿಡಿದು ಗಿಲಾಂಗ್‌ನ ಕಚೇರಿಗೆ ಹೋದಳು. ವಾಪಸ್ ಬಂದ ಪೆಟ್ಟಿಗೆಗಳ ನಡುವೆ ಅವನೊಬ್ಬನೇ ಕೂತಿದ್ದ.

"ಇದು ನಾಡಿದ್ದು ಅಚ್ಚಾಗುತ್ತೆ. ಕವರ್ ಮೇಲೆ ಹೆಸರು ಹಾಕೋಕೂ ಅಮ್ಮ ಒಪ್ಪಿದ್ದಾಳೆ." ಬರಹವನ್ನು ಅವನ ಮುಂದಿಟ್ಟಳು. "ನೀವು ಒಂದು ಮಾತು ಹೇಳಿದ್ರೆ ಸಾಕಿತ್ತು."

"ನಿಮ್ಮಮ್ಮಂಗೆ ಮಾತು ಕೊಟ್ಟಿದ್ದೆ."

"ನನ್ನ ಮೇಲೆ ಸಿಟ್ಟಿಲ್ವಾ?"

"ಇದೆ. ಬೈಯೋಣ ಅಂತ ಎಷ್ಟು ಸಲ ಫೋನ್ ಎತ್ಕೊಂಡೆ. ನೀವು ಹಲೋ ಅಂದ್ರೆ ಸಿಟ್ಟೆಲ್ಲ ಹೋಗಿಬಿಡುತ್ತೆ ಅಂತ ಇಟ್ಟೆ."

ಅವಳು ತಲೆ ತಗ್ಗಿಸಿದಳು. "ನಂಗೊಂದೂ ಅರ್ಥ ಆಗ್ತಿಲ್ಲ ಗಿಲಾಂಗ್. ಕ್ಷಮೆ ಕೇಳೋಕೆ ಬಂದ್ನಾ, ನಿನ್ನ ನೋಡೋಕೆ ಬಂದ್ನಾ..."

'ನೀವು' ಹೋಗಿ 'ನೀನು' ಆದದ್ದು ಅವಳಿಗೆ ಗೊತ್ತಾಗಲಿಲ್ಲ. ಅವನಿಗೆ ಗೊತ್ತಾಯಿತು.

ಎದ್ದು ಪೆಟ್ಟಿಗೆ ಸರಿಸಿ ಪಕ್ಕದಲ್ಲಿ ಜಾಗ ಮಾಡಿದ. "ಗೊತ್ತಾಗೋವರೆಗೂ ಇಲ್ಲೇ ಕೂತ್ಕೋ."

"ಇವತ್ತು ಗೊತ್ತಾಗದೇ ಹೋದ್ರೆ?"

"ನಾಳೆನೂ ಬಾ."