ಅಳಿಸಿದವಳ ಸಂಖ್ಯೆ

ಅವನು ಬಾಗಿಲಲ್ಲಿ ನಿಂತಾಗ ತ್ರಿಶಲಾಳ ಬೆರಳುಗಳು ಕೀಲಿಮಣೆಯ ಮೇಲೇ ನಿಂತುಬಿಟ್ಟವು...

ಬೋರಗಾಂವದ ಸಮ್ಮೇದ. ಮನೆಯ ಪವರ್‌ಲೂಮ್ ನೋಡಿಕೊಳ್ಳುವವನು. ಚಿಕ್ಕೋಡಿಯ ಆ ಪುಟ್ಟ ಆಫೀಸಿನಲ್ಲಿ ತ್ರಿಶಲಾ ಜಾವಾ ಕೋಡ್‌ನಲ್ಲಿ ಬರೆಯುತ್ತಿದ್ದ ಜೈನ ವಧು-ವರರ ಆ್ಯಪ್‌ಗೆ ಹೆಸರು ಸೇರಿಸಲು ಬಂದಿದ್ದ.

ಅವಳು ತೆರೆಯನ್ನು ಅವನತ್ತ ತಿರುಗಿಸಿದಳು. ಒಬ್ಬೊಬ್ಬರೂ ಒಂದೊಂದು ಬಿಂದು. ನಂಟಿದ್ದವರ ನಡುವೆ ಗೆರೆ. ಪ್ರತಿ ಬಿಂದುವಿಗೂ ಡೇಟಾಬೇಸ್ ತಾನೇ ಒಂದು ಸಂಖ್ಯೆ ಕೊಡುತ್ತದೆ, ಮೆಚ್ಚಿದವರಿಗೆ ಆ್ಯಪ್‌ನಲ್ಲೇ ಒಪ್ಪಿಗೆ ಕಳಿಸಬಹುದು ಎಂದು ವಿವರಿಸಿದಳು.

"ಇದರಾಗ ನೀವು ಎಲ್ಲಿ ಅದೀರಿ?"

ಅವಳು ತೋರಿಸಿದಳು. ಇಬ್ಬರೂ ಆ ಬಿಂದುವನ್ನೇ ನೋಡುತ್ತ ಕುಳಿತರು. ಮಾತು ಬೇಕೆನ್ನಿಸಲಿಲ್ಲ...

ಮರುದಿನ ಬೆಳಿಗ್ಗೆ ತನ್ನ ಫೋಟೊ ಅವಳಿಗೇ ಹಿಡಿಸಲಿಲ್ಲ. ಅವನು ಮತ್ತೆ ನೋಡಬಹುದಲ್ಲ! ವಿವರ ತಿದ್ದುವ ಪುಟವನ್ನು ಇನ್ನೂ ಬರೆದಿರಲಿಲ್ಲ. ಹಾಗಾಗಿ ಬೇರೇನನ್ನೂ ನೋಡದೆ ತನ್ನನ್ನೇ ಅಳಿಸಿದಳು. ಸಂಜೆ ಹೊಸ ಫೋಟೊದೊಂದಿಗೆ ಮತ್ತೆ ಸೇರಿಕೊಂಡಳು.

ಆಮೇಲೆ ತೆರೆಯ ಮೇಲೆ ಸಮ್ಮೇದನ ಒಪ್ಪಿಗೆ ಕಾಣಿಸಿತು. ನಿಪ್ಪಾಣಿಯ ಪೂನಮಳಿಗೆ! ಪೂನಮಳ ಮನೆಯವರು ಹುಡುಗಿ ನೋಡಲು ಬರಹೇಳಿಯೂ ಆಗಿತ್ತು.

ಹಾಗಾದರೆ ಆ ಮೌನ... ಅದು ನನ್ನೊಬ್ಬಳದೇ?

ಅಲ್ಲಿಯವರೆಗೆ ಕಾಣದಿದ್ದದ್ದು ಅವಳಿಗೆ ಕೋಡ್ ಓದುವಾಗ ಕಂಡಿತು. ಒಪ್ಪಿಗೆ ಯಾರಿಗೆ ಎಂಬುದನ್ನು ಅವಳು ಬರೀ ಸಂಖ್ಯೆಯಾಗಿ ಉಳಿಸಿದ್ದಳು, ಅದು ಎಂದಿಗೂ ಆ ವ್ಯಕ್ತಿಯದೇ ಎಂದುಕೊಂಡು. ಡೇಟಾಬೇಸ್ ಮಾತ್ರ ಅಳಿಸಿದವರ ಸಂಖ್ಯೆಯನ್ನು ಮುಂದೆ ಬಂದವರಿಗೆ ಕೊಟ್ಟುಬಿಡುತ್ತಿತ್ತು. ಅವಳು ಅಳಿಸಿಕೊಂಡ ದಿನ ಮಧ್ಯಾಹ್ನ ಸೇರಿದವಳು ಪೂನಮ. ಸಮ್ಮೇದನ ಒಪ್ಪಿಗೆ ಬಂದದ್ದು ಅದರ ಹಿಂದಿನ ಸಂಜೆ.

ಸುಮ್ಮನಿದ್ದರೆ ನಾಳೆ ಅವನು ನಿಪ್ಪಾಣಿಗೆ ಹೋಗುತ್ತಾನೆ. ಹೇಳಿದರೆ, ತನ್ನ ಸಲುವಾಗಿ ಕಥೆ ಕಟ್ಟಿದಳೆನ್ನುತ್ತಾರೆ...

ಮೊದಲು ಪೂನಮಳಿಗೇ ಫೋನ್ ಮಾಡಿ ತಪ್ಪೊಪ್ಪಿಕೊಂಡಳು. ಪೂನಮ, ಸೀರೆಗಿನ್ನೂ ಇಸ್ತ್ರಿ ಹಾಕಿರಲಿಲ್ಲ, ಅಷ್ಟು ಉಳಿಯಿತು ಬಿಡು ಎಂದು ನಕ್ಕಳು.

ನಂತರ ಸಮ್ಮೇದ. ಹಿಂದೆ ಮಗ್ಗಗಳ ಸದ್ದು. ಅವಳು ಎಲ್ಲವನ್ನೂ ಹೇಳಿದಳು.

ಮಗ್ಗದ ಸದ್ದು ದೂರವಾಯಿತು. ಅವನು ಹೊರಗೆ ಬಂದಿರಬೇಕು.

"ಮರುದಿನ ಮುಂಜಾನೆ ನೋಡಿದ್ರ ನೀವಽ ಇರಲಿಲ್ರಿ. ನಾ ಒಪ್ಪಿಗಿ ಕಳಿಸಿದ್ದಕ್ಕ ಹೆಸರು ತಗದ್ರು ಅನ್ಕೊಂಡೆ. ನಿಪ್ಪಾಣಿಯವರು ಕರದಾರ ಅಂತ ಮನ್ಯಾಗ ಅಂದ್ರು, ಸುಮ್ನಾದೆ."

"ನನ್ನ ಫೋಟೊ ನಿಮಗ ಚಂದ ಕಾಣ್ಲಿ ಅಂತ ಹೆಸರು ತಗದಿದ್ನಿ," ಎಂದಳು ಅವಳು, ಕಣ್ಣು ಮುಚ್ಚಿಕೊಂಡು.

ಅತ್ತ ಅವನು ಯಾರಿಗೋ ಮಗ್ಗ ನಿಲ್ಲಿಸಲು ಕೂಗಿದ್ದು ಕೇಳಿಸಿತು.

"ಅವ್ವನ್ನ ಕರ್ಕೊಂಡು ಈಗಽ ಹೊಂಡ್ಲೇನ್ರಿ?"

"ಊಟ?"

"ಇನ್ನೂ ಇಲ್ರಿ."

"ಹಂಗಾದ್ರ ಹೊತ್ತು ಮುಳುಗೂದ್ರಾಗ ಬರ್ರಿ," ಎಂದಳು; ಜೈನರಿಗೆ ಕತ್ತಲಾದ ಮೇಲೆ ಊಟವಿಲ್ಲ. "ನಮ್ಮಲ್ಲೇ ಉಣ್ಣೀರಂತ."