ಜಗಳ ಮುಗಿಸಿ ಬಂದ ಮೇಲೆ ಪ್ರಾರ್ಥನೆ

“ಯಾರಿಗಾದ್ರೂ ಯಾರ ಜೊತೆಗಾದ್ರೂ ಜಗಳ ಉಳ್ಕೊಂಡಿದೆಯಾ?” ಎಂದು ಗಡಿಯಾರದಜ್ಜ ಕೇಳಿದರು.

ಪಟಾಕಿ ತಲೆ ತಗ್ಗಿಸಿಕೊಂಡು ಬೆಂಚಿನ ಮೇಲೆ ಕೂತಿದ್ದಳು. ಅವಳ ಬಾಯಿಗೆ ಸುಮ್ಮನಿರುವುದು ಗೊತ್ತೇ ಇಲ್ಲವೆಂದು ಮನೆಯವರು ಇಟ್ಟ ಹೆಸರದು. ಇವತ್ತು ಮಾತ್ರ ಠುಸ್ ಪಟಾಕಿ.

ವಾರಕ್ಕೊಮ್ಮೆ ಅವರ ಮತದವರೆಲ್ಲ ಈ ಪ್ರಾರ್ಥನೆಯ ಮನೆಯಲ್ಲಿ ಸೇರುತ್ತಾರೆ. ಗಡಿಯಾರ ರಿಪೇರಿ ಮಾಡುವ ಅಜ್ಜನೇ ಎಲ್ಲರಿಗೂ ಹಿರಿಯರು. ಅವರು ಮೊದಲು ಕೇಳುವುದೇ ಈ ಪ್ರಶ್ನೆ. ಜಗಳ ಇದ್ದವರು ಎದ್ದು ಹೋಗಿ ಸರಿಮಾಡಿಕೊಂಡು ಬರಬೇಕು. ಅಲ್ಲಿಯವರೆಗೆ ಪ್ರಾರ್ಥನೆ ಇಲ್ಲ, ಉಳಿದವರು ಕಾಯಬೇಕು. ಒಮ್ಮೆ ಅಮ್ಮನೂ ಅತ್ತೆಯೂ ಒಂದು ಇಸ್ತ್ರಿಪೆಟ್ಟಿಗೆಗಾಗಿ ಮುನಿಸಿಕೊಂಡು, ನಲವತ್ತು ಜನ ಮಧ್ಯಾಹ್ನದವರೆಗೆ ಹಸಿದು ಕೂತಿದ್ದರು.

ಯಾರ ಮೇಲೂ ಕೈ ಎತ್ತಬಾರದು, ಆಯುಧ ಮುಟ್ಟಬಾರದು ಎಂಬುದು ಅವರ ನಂಬಿಕೆ. ಆದರೆ ಈಗ ಯುದ್ಧ ನಡೆಯುತ್ತಿತ್ತು. ಬಡಗಿ ಕೆಲಸ ಮಾಡುವ ಅವಳ ಅಣ್ಣನಿಗೂ ಸೈನ್ಯ ಸೇರಬೇಕೆಂದು ಕಾಗದ ಬಂದಿತ್ತು. ಬಂದೂಕು ಹಿಡಿಯಲಾರೆ, ಗಾಯಗೊಂಡವರನ್ನು ಹೊರುವ ಕೆಲಸ ಕೊಡಿ ಎಂದು ನಾಳೆ ಅವನು ಅಧಿಕಾರಿಗಳ ಮುಂದೆ ನಿಂತು ಕೇಳಬೇಕು. ಅವರು ನಂಬಿದರೆ ಸರಿ. ನಂಬದಿದ್ದರೆ ಜೈಲು.

ಅದಕ್ಕೇ ಅಜ್ಜ ಒಂದು ಪತ್ರ ಬರೆದಿದ್ದರು. ಪ್ರಾರ್ಥನೆ ಮುಗಿದ ಮೇಲೆ ಎಲ್ಲರೂ ಅದಕ್ಕೆ ಸಹಿ ಹಾಕಬೇಕಿತ್ತು. ‘ಈ ಹುಡುಗನ ಮನೆಯಲ್ಲಿ ಯಾರೂ ಯಾರ ಮೇಲೂ ಕೈ ಎತ್ತಿದವರಲ್ಲ’ ಎಂದು ಅದರಲ್ಲಿತ್ತು.

ನಿನ್ನೆ ತಾನೇ ಕ್ಲಾಸಿನಲ್ಲಿ ಒಂಟೆ ಎಲ್ಲರೆದುರು ಪಟಾಕಿಗೆ, ನಿಮ್ಮಣ್ಣ ಹೇಡಿ ಎಂದಿದ್ದ. ಒಂಟೆ ಅಂದರೆ ಕೊನೇ ಬೆಂಚಿನ ಉದ್ದನೆಯ ಹುಡುಗ. ಅವಳು ಹಿಂದೆಮುಂದೆ ನೋಡದೆ ಜಾಮೆಟ್ರಿ ಬಾಕ್ಸ್ ತಗೊಂಡು ಅವನ ಹಣೆಗೆ ಬಾರಿಸಿದ್ದಳು. ರಕ್ತ ಬಂದಿತ್ತು. ಮನೆಯಲ್ಲಿ ಅವಳು ಬಾಯಿಯೇ ಬಿಟ್ಟಿರಲಿಲ್ಲ.

ಹೇಳಿದರೆ ಪತ್ರ ಕೆಡುತ್ತದೆ, ಅಣ್ಣ ಜೈಲಿಗೆ ಹೋಗಬಹುದು. ಹೇಳದಿದ್ದರೆ ಇವರೆಲ್ಲ ಸುಳ್ಳಿಗೆ ಸಹಿ ಹಾಕುತ್ತಾರೆ. ಪಕ್ಕದಲ್ಲಿ ಅಣ್ಣ ಕಣ್ಣು ಮುಚ್ಚಿ ಕೂತಿದ್ದ.

“ಅಜ್ಜ, ನಂದೊಂದಿದೆ,” ಎಂದಳು. ಉಳಿದದ್ದನ್ನು ಅಳುತ್ತಲೇ ಹೇಳಿ ಮುಗಿಸಿದಳು.

ಯಾರೂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ. ಅಮ್ಮ ಪತ್ರದ ಕಡೆ ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಣ್ಣ ಎದ್ದು ನಿಂತ. “ಆ ಸಾಲು ಹೊಡೆದು ಹಾಕಿ, ಅಜ್ಜ. ಸುಳ್ಳು ಕಾಗದ ಇಟ್ಕೊಂಡು ನಾಳೆ ಅವರ ಮುಂದೆ ಹೇಗೆ ನಿಂತ್ಕೊಳ್ಳಲಿ?”

ಅಜ್ಜ ಪೆನ್ನು ತೆಗೆದು ಆ ಸಾಲು ಹೊಡೆದು ಹಾಕಿದರು. ಹೋಗಿ ಬನ್ನಿ, ಕಾಯ್ತೀವಿ ಎಂದರು.

ಅಣ್ಣ ಅವಳ ಕೈ ಹಿಡಿದು ನಡೆದ. ಎರಡು ಬೀದಿ ದಾಟುವಷ್ಟರಲ್ಲಿ ಅವಳು ಮೂರು ಸಲ ಸಾರಿ ಕೇಳಿದಳು. ನನ್ನನ್ನಲ್ಲ ಕೇಳಬೇಕಾದ್ದು, ಅಂದ ಅಣ್ಣ.

ಬಾಗಿಲು ತೆಗೆದವನು ಒಂಟೆಯೇ. ಹಣೆಯ ಮೇಲೆ ಪ್ಲಾಸ್ಟರ್. ಇವರಿಬ್ಬರನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದ. ತನ್ನನ್ನು ನೋಡಿ ಒಬ್ಬರು ಹೆದರಿದ್ದು ಪಟಾಕಿಗೆ ಇದೇ ಮೊದಲು. ಅವಳಿಗೆ ಅದು ಚೂರೂ ಇಷ್ಟವಾಗಲಿಲ್ಲ.

ಹೊಡೆದದ್ದು ತಪ್ಪಾಯ್ತು ಎಂದು ಹೇಳಿದಳು. ಆಗಲಿ ಬಿಡು ಎಂದು ಅವನು ಅನ್ನಲಿಲ್ಲ. ಅವನ ಕಣ್ಣೆಲ್ಲ ಅಣ್ಣನ ಮೇಲಿತ್ತು.

“ನಮ್ಮಣ್ಣ ಯುದ್ಧಕ್ಕೆ ಹೋಗಿದಾನೆ. ನೀವ್ಯಾಕೆ ಹೋಗಲ್ಲ?”

ಅಣ್ಣ ಮೆಟ್ಟಿಲ ಮೇಲೆ ಕೂತುಕೊಂಡ. “ನಂಗೆ ಇನ್ನೊಬ್ಬರನ್ನ ಕೊಲ್ಲೋಕಾಗಲ್ಲ ಕಣೋ. ದೇವರು ಒಪ್ಪಲ್ಲ ಅಂತ ನಂಬಿದೀನಿ. ಗಾಯ ಆದವರನ್ನ ಹೊರೋಕೆ ಎಲ್ಲಿಗೆ ಕಳಿಸಿದ್ರೂ ಹೋಗ್ತೀನಿ.”

“ಹೆದರಿಕೆ ಆಗಲ್ವಾ?”

“ಆಗತ್ತೆ. ಈಗಲೂ ಆಗ್ತಿದೆ.”

ಒಂಟೆ ಬಾಗಿಲ ಚಿಲಕ ಆಡಿಸತೊಡಗಿದ. ಅವನ ಅಣ್ಣನಿಂದ ಮೂರು ವಾರದಿಂದ ಫೋನ್ ಇಲ್ಲವಂತೆ. ಅಮ್ಮ ಸರಿಯಾಗಿ ಊಟ ಮಾಡುತ್ತಿಲ್ಲವಂತೆ. ಇದನ್ನೆಲ್ಲ ಅವನು ಚಿಲಕಕ್ಕೇ ಹೇಳಿದ. ಇವರು ಹೊರಡುವಾಗ ಹಿಂದೆಯೇ ಗೇಟಿನವರೆಗೆ ಬಂದ.

“ಏಯ್, ನಿಮ್ಮ ಪ್ರಾರ್ಥನೇಲಿ ನಮ್ಮಣ್ಣಂಗೂ ಕೇಳ್ಕೊಳ್ಬಹುದಾ? ಅವನ ಕೈಲಿ ಬಂದೂಕಿದ್ರೂ?”

ಪಟಾಕಿ ಅಣ್ಣನ ಮುಖ ನೋಡಿದಳು. ಆದರೆ ಒಂಟೆ ಕೇಳಿದ್ದು ಅವಳನ್ನು.

“ಕೇಳ್ಕೊತೀನಿ,” ಎಂದಳು.

ವಾಪಸು ಬಂದಾಗ ನಲವತ್ತು ಜನವೂ ಕಾಯುತ್ತಿದ್ದರು. ಪತ್ರ ಮೇಜಿನ ಮೇಲಿತ್ತು, ಹೊಡೆದು ಹಾಕಿದ ಸಾಲು ದೂರದಿಂದಲೇ ಕಾಣುತ್ತಿತ್ತು. ನಾಳೆ ಏನಾಗುವುದೋ ಅಜ್ಜನಿಗೂ ಗೊತ್ತಿರಲಿಲ್ಲ. ಯಾರಿಗಾಗಿ ಕೇಳಿಕೊಳ್ಳೋಣ ಎಂದು ಅವರು ಕೇಳಿದಾಗ ಎಲ್ಲರೂ ಅಣ್ಣನ ಕಡೆ ತಿರುಗಿದರು. ಪಟಾಕಿ ಎದ್ದು ನಿಂತು, ಒಂಟೆಯ ಅಣ್ಣ ಸೈನ್ಯದಲ್ಲಿದ್ದಾನೆ, ಅವನಿಗೂ ಕೇಳಿಕೊಳ್ಳಬೇಕು ಎಂದಳು. ಅಜ್ಜ ತಲೆಯಾಡಿಸಿ ಕಣ್ಣು ಮುಚ್ಚಿದರು.

ಅವಳೂ ಕಣ್ಣು ಮುಚ್ಚಿದಳು. ಒಂಟೆಯ ಅಣ್ಣನನ್ನು ಅವಳು ಯಾವತ್ತೂ ನೋಡಿರಲಿಲ್ಲ. ಹಾಗಾಗಿ ತನ್ನ ಅಣ್ಣನ ಮುಖವನ್ನೇ ನೆನೆಸಿಕೊಂಡು, ಅವನು ಬೇಗ ಮನೆಗೆ ಬರಲಿ ಎಂದು ಕೇಳಿಕೊಂಡಳು.