ದೋಣಿಯ ಪಿಕ್ಚರಿಗೆ ಎರಡು ಕತೆ

ಹಿಂದಿನ ಜೀಪು ಹಾರನ್ ಹಾಕುತ್ತಿರಲಿಲ್ಲ. ನನಗೆ ಹೆದರಿಕೆ ಹುಟ್ಟಿದ್ದೇ ಅದಕ್ಕೆ.

ದಾರಿ ಬೇಕಾದವನು ಹಾರನ್ ಹಾಕುತ್ತಾನೆ. ಇವನಿಗೆ ಬೇಕಾದದ್ದು ದಾರಿಯಲ್ಲ... ನನ್ನ ಪಕ್ಕದಲ್ಲಿ ಕೂತ ಮುದುಕ!

ಆಕ್ಸಿಲರೇಟರ್ ತುಳಿದೆ. ಹಿಂದೆ ರೀಲಿನ ಡಬ್ಬಿಗಳು ಧಡಧಡ ಎಂದವು. ಇಂಡಿಯಿಂದ ಸಿಂದಗಿಗೆ ಆಗ ರಸ್ತೆ ಎಲ್ಲಿತ್ತು ಸಾಹೇಬರೇ? ಕರಿಮಣ್ಣಿನ ಗಾಡಿದಾರಿ. ನಮ್ಮ ವ್ಯಾನೋ, ನಾಲ್ಕು ಜನ ನೂಕಿದರೆ ಮಾತ್ರ ಶುರುವಾಗುವ ಜಾತಿಯದು.

"ಅಮೋಘಕಾಕಾ, ತಲಿ ತಗ್ಗಿಸ್ರಿ."

"ಯಾಕಪಾ? ನಾ ಏನ್ ಕಳವು ಮಾಡೇನೇನು?"

ಕಳವು ಮಾಡಿದ್ದರೆ ಎಷ್ಟೋ ವಾಸಿಯಿತ್ತು. ಅವನು ಕತೆ ಹೇಳಿದ್ದ.

ಐವತ್ತೆರಡನೇ ಇಸವಿ ಅದು. ಮುಂಬೈಯಲ್ಲಿ ದೇಶದೇಶದ ಪಿಕ್ಚರುಗಳ ಉತ್ಸವ ನಡೆದಿತ್ತು. ನಮ್ಮ ಟೂರಿಂಗ್ ಟಾಕೀಸಿನ ಮಾಲಕಿ ಶಮಶಾದಬಿ ಯಾರ್ಯಾರದೋ ಕೈಕಾಲು ಹಿಡಿದು ಅಂಥವೇ ಕೆಲವು ಪರದೇಶಿ ಪಿಕ್ಚರು ತಂದಿದ್ದರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ... ಎಲ್ಲಾ ಕಡೆ 'ಅಂತರರಾಷ್ಟ್ರೀಯ ಚಿತ್ರೋತ್ಸವ' ಎಂದು ಬೋರ್ಡು! ನಾನು, ಅಬ್ದುಲರಜಾಕ, ಅವರ ಬಲಗೈ. ಟೆಂಟಿನಲ್ಲಿ ಹೊಡೆದಾಟ ಬಿಡಿಸುವುದು, ಬಿಡದವರನ್ನು ಹೊಡೆಯುವುದು ನನ್ನ ಕೆಲಸ.

ಪರದೇಶಿ ಮಾತು ನಮ್ಮ ಜನಕ್ಕೆ ಹೇಗೆ ತಿಳಿಯಬೇಕು? ಅದಕ್ಕೇ ಅಮೋಘಸಿದ್ಧ. ಮುದ್ದೇಬಿಹಾಳ ಕಡೆಯ ಡೊಳ್ಳಿನ ಹಾಡುಗಾರ. ಪರದೆಯ ಪಕ್ಕ ಕೋಲು ಹಿಡಿದು ನಿಂತು ನಡೆಯುತ್ತಿರುವುದನ್ನೆಲ್ಲ ಕನ್ನಡದಲ್ಲಿ ಹೇಳುತ್ತಿದ್ದ. ನಿಲ್ಲುವ ಮೊದಲು ಹಣೆಗೆ ಬಂಡಾರ, ಅಂದರೆ ದೇವರ ಅರಿಸಿನ. ಅದನ್ನು ಹಚ್ಚಿಕೊಂಡವನು ಸುಳ್ಳಾಡುವಂತಿಲ್ಲ.

ಹಿಂದಿನ ರಾತ್ರಿ ಇಂಡಿಯಲ್ಲಿ ಪರದೆಯ ಮೇಲೆ ಕಂಡದ್ದು ಇಷ್ಟು. ಇಬ್ಬರು ಅಣ್ಣತಮ್ಮಂದಿರು. ಒಂದು ದೋಣಿ. ನಡುಹೊಳೆ.

"ನೋಡ್ರಿ, ಅಣ್ಣ ತಮ್ಮನ್ನ ನೀರಿಗಿ ದೂಡಿದಾ," ಎಂದ ಅಮೋಘಸಿದ್ಧ.

ಇಡೀ ಟೆಂಟು ಪರದೆ ಬಿಟ್ಟು ಮುಂದಿನ ಕುರ್ಚಿಯತ್ತ ನೋಡಿತು. ಅಲ್ಲಿ ಕೂತಿದ್ದವನು ಅಗರಖೇಡದ ಸೋಮನಿಂಗ ಸಾವಕಾರ. ಹಿಂದಿನ ಮಳೆಗಾಲದಲ್ಲಿ ಅವನ ತಮ್ಮ ಕಾಳಪ್ಪ ಭೀಮೆಯ ಪಾಲಾಗಿದ್ದ. ದೋಣಿಯಲ್ಲಿದ್ದವರು ಅವರಿಬ್ಬರೇ. ಜಾರಿ ಬಿದ್ದ ಎಂದಿದ್ದ ಸಾವಕಾರ. ಊರು ಬಾಯಿ ಮುಚ್ಚಿಕೊಂಡು ಹೂಂ ಎಂದಿತ್ತು. ಪಾಪ, ಅಮೋಘಸಿದ್ಧನಿಗೆ ಈ ಸುದ್ದಿಯೇ ಗೊತ್ತಿರಲಿಲ್ಲ.

ಜೀಪು ನಮ್ಮನ್ನು ಹಿಂದೆ ಹಾಕಿ ಅಡ್ಡ ನಿಂತಿತು.

ಸಾವಕಾರ ಇಳಿದ. ಕೈಯಲ್ಲಿ ಬಂದೂಕು.

"ಆ ಕತಿ ಯಾರ್ ಹೇಳಿಕೊಟ್ರು?"

"ಯಾರೂ ಇಲ್ರಿ," ಎಂದ ಅಮೋಘಸಿದ್ಧ. "ಕಂಡದ್ದು ಹೇಳೀನಿ."

"ಇವತ್ತ ಸಿಂದಗ್ಯಾಗ ಅದ ಪಿಕ್ಚರ್ ಐತಿ. ಕಾಳಪ್ಪನ ಹೇಂತಿ ರೇವವ್ವ ಅಲ್ಲೇ ತವರಮನ್ಯಾಗ ಅದಾಳ. ಸುದ್ದಿ ಕೇಳಿ ಬಂದ ಬರ್ತಾಳ. ಅಕಿ ಮುಂದ ಜಾರಿ ಬಿದ್ದಾ ಅಂತ ಹೇಳು."

"ಬಂಡಾರ ಹಚ್ಚಿ ನಿಂದರಾಂವ್ರಿ ನಾ. ಸುಳ್ಳ ಬರಂಗಿಲ್ಲ."

ಬಂದೂಕು ಮೇಲೆದ್ದಿತು. ಮುಷ್ಟಿಗೆ ನಾನು ಹೆದರಿದವನಲ್ಲ. ಆದರೆ ಗುಂಡಿನ ಮುಂದೆ ಮುಷ್ಟಿ ಏನು ಮಾಡೀತು?

"ನಾ ಹೇಳ್ತೇನ್ರಿ," ಎಂದೆ. "ನನಗ ಬಂಡಾರಿಲ್ಲ, ಏನಿಲ್ಲ. ಜಾರಿದಾ ಅಂತ ನಾನ ಹೇಳ್ತೇನಿ."

ಸಾವಕಾರ ನನ್ನನ್ನು ಅಳೆದು ನೋಡಿದ. "ಹೇಳು. ಅಲ್ಲೀತನಾ ಈ ಮುದುಕ ನನ್ನ ಬಾಜೂಕ ಕುಂದರ್ತಾನ. ನೀ ಮಾತು ತಪ್ಪಿದ್ರ..." ಕಂಬಳಿ ಸರಿಸಿ ಸೊಂಟದ ಚೂರಿ ತೋರಿಸಿದ.

ಪೊಲೀಸ್ ಫೌಜದಾರರಿಗೆ ಹೇಳಬಹುದಿತ್ತಲ್ಲ ಅಂತೀರಾ? ಫೌಜದಾರರು ಸಿಂದಗಿಯ ಟೆಂಟಿನಲ್ಲೇ ಫುಕಟ್ ಪಾಸಿನ ಕುರ್ಚಿಯಲ್ಲಿದ್ದರು. ಆದರೆ ಚೂರಿ ಮುದುಕನ ಪಕ್ಕೆಗೆ ತಾಗಿಕೊಂಡಿತ್ತು. ಅವನನ್ನು ಮೊದಲು ಮುಟ್ಟುತ್ತಿದ್ದದ್ದು ಫೌಜದಾರರೋ ಚೂರಿಯೋ, ನೀವೇ ಹೇಳಿ.

ಸಿಂದಗಿಯಲ್ಲಿ ಟೆಂಟು ತುಂಬಿ ತುಳುಕುತ್ತಿತ್ತು. ಮುಂದಿನ ಕುರ್ಚಿಯಲ್ಲಿ ಸಾವಕಾರ, ಅವನಿಗೆ ಅಂಟಿಕೊಂಡಂತೆ ಅಮೋಘಸಿದ್ಧ. ಹೆಂಗಸರ ಕಡೆ, ಹಗ್ಗದ ಆಚೆ, ರೇವವ್ವ ಮುಂದೆಯೇ ಕೂತಿದ್ದಳು. ಕೋಲು ಹಿಡಿದು ನಿಂತೆ. ಪರದೆಯ ಮೇಲೆ ಕೋಲಿನ ನೆರಳು ನಡುಗುತ್ತಿತ್ತು.

ದೋಣಿ ಬಂತು. ನಡುಹೊಳೆ ಬಂತು.

"ತಮ್ಮ... ಜಾರಿದಾ," ಎಂದೆ.

ಹಿಂದಿನಿಂದ ಯಾರೋ ನಕ್ಕರು. "ಏ ರಜಾಕಾ, ಕಣ್ಣ ಕಾಣಂಗಿಲ್ಲೇನು? ದೂಡಿದಾ!"

ಸಾವಕಾರನ ಕಂಬಳಿ ಅಲುಗಿತು. ಅಮೋಘಸಿದ್ಧ ಕಣ್ಣು ಮುಚ್ಚಿಕೊಂಡ. ಸುಳ್ಳಿನ ಮೇಲೆ ಸುಳ್ಳು ಪೇರಿಸಿದೆ.

"ದೂಡಿಲ್ರಿ! ಅಣ್ಣಗ ತಮ್ಮ ಅಂದ್ರ ಜೀವ. ಸಣ್ಣಾಂವ ಇದ್ದಾಗ ಹೆಗಲ ಮ್ಯಾಲ ಹೊತ್ತು ಸಾಲಿಗಿ ಒಯ್ದಾಂವ. ನೋಡ್ರಿ, ಬಗ್ಗಿದಾ... ಕೈ ಚಾಚಿದಾ... ತಮ್ಮಾ, ಹಿಡೀ ಅಂದಾ... ಕೈ ಸಿಗಲಿಲ್ಲ..."

"ಸಿಕ್ಕಿತ್ತು."

ಮಾತು ಕುರ್ಚಿಯ ಕಡೆಯಿಂದ ಬಂತು.

ಸಾವಕಾರ ಎದ್ದು ನಿಂತಿದ್ದ. ಪ್ರೊಜೆಕ್ಟರಿನ ಬೆಳಕಿನಲ್ಲಿ ಅವನ ಕೆನ್ನೆ ಒದ್ದೆಯಾಗಿತ್ತು.

"ಕೈ ಸಿಕ್ಕಿತ್ತೋ ರಜಾಕಾ. ಗಟ್ಟಿ ಹಿಡದಿದ್ದಾ. ಅಣ್ಣಾ ಅಂದಾ. ನಾನ ದೂಡಿದ್ದೆ... ನಾನ ಅವನ ಬೆರಳು ಬಿಡಿಸಿದೆ."

ಚೂರಿ ನೆಲಕ್ಕೆ ಬಿತ್ತು. ಅಮೋಘಸಿದ್ಧ ಅದರ ಮೇಲೆ ಕಾಲಿಟ್ಟ.

ರೇವವ್ವ ಹಗ್ಗ ದಾಟಿ ಬಂದಳು. ಅಳಲಿಲ್ಲ.

"ಇನ್ನೊಮ್ಮಿ ಹೇಳ್ರಿ ಬಾವಾರ," ಎಂದಳು. "ಫೌಜದಾರ ಸಾಹೇಬ್ರಿಗಿ ಕೇಳೂಹಂಗ."

ಸಾವಕಾರ ಹೇಳಿದ. ಫೌಜದಾರರು ಕುರ್ಚಿ ಬಿಟ್ಟು ಎದ್ದರು.

ಅವನನ್ನು ಕರೆದೊಯ್ದ ಮೇಲೆ ಅಮೋಘಸಿದ್ಧ ನನ್ನ ಹತ್ತಿರ ಬಂದ. ಜೀವ ಉಳಿಸಿದವನಲ್ಲವೇ, ತಬ್ಬಿಕೊಳ್ಳುತ್ತಾನೆ ಎಂದುಕೊಂಡೆ.

ಕೋಲು ಕಸಿದುಕೊಂಡ.

"ದೂಡಿದ್ದು ಎಲ್ಲಾರಿಗೂ ಕಾಣಾಕತ್ತಿತ್ತು. ನೀ ಜಾರಿದಾ ಅಂದಿ. ನಾಳಿ ಮುದ್ದೇಬಿಹಾಳದಾಗ ಕತಿ ನಾ ಹೇಳ್ತೇನಿ. ನೀ ಡಬ್ಬಿ ಅಷ್ಟ ಹೊರು."

ಹೊತ್ತೆ ಸಾಹೇಬರೇ. ಬಾಗೇವಾಡಿ ಮುಟ್ಟುವವರೆಗೂ ಹೊತ್ತೆ.